ಟೀವಿ ಮುನಿಸಿಕೊಂಡಾಗ



ಕೊಡಗಿನಲ್ಲಿ ಮಳೆಗಾಲ ಕಾಲಿಟ್ಟಿತೆಂದರೆ ನಮ್ಮ ಕೆಲಸ ಒಂದಕ್ಕೆರಡು. ಒಗೆದ ಬಟ್ಟೆ ಒಣಗುವುದಿಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರು, ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೆ ಬೂಷ್ಟು. ಇದನ್ನೆಲ್ಲ ಸುಧಾರಿಸಿಕೊಂಡು, ರಾತ್ರಿಯ ಅನ್ನಕ್ಕಿಟ್ಟು, ಅರ್ಧ ಗಂಟೆ ಟೀವಿ ನೋಡೋಣ ಅಂತ ಕೂತರೆ ಅದೂ ಮುನಿಸಿಕೊಂಡಿರುತ್ತದೆ. ಗುಂಡಿ ಒತ್ತಿದರೆ ಮಾತಿಲ್ಲ, ಕತೆಯಿಲ್ಲ.

ಈ ವಿಷಯವಾಗಿ ಬರೆಯಿರೆಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಸೋಮವಾರಪೇಟೆ ಕಡೆಯ ಸೋದರಿಯೊಬ್ಬರ ಕಾಗದ ಓದಿ ನನಗೆ ಬಹಳ ಬೇಸರವಾಯಿತು. ಅವರ ತಾಯಿಗೆ 78 ವರ್ಷ. ಮಕ್ಕಳೆಲ್ಲ ಬೆಂಗಳೂರು, ಮೈಸೂರು ಸೇರಿದ್ದಾರೆ. ತೋಟದ ಮನೆಯಲ್ಲಿ ಅಜ್ಜಿ ಒಬ್ಬರೇ. ಅವರಿಗೆ ಟೀವಿಯೇ ಮಾತಿನ ಜೊತೆ. ಅದು ಕೆಟ್ಟಿತೆಂದು ಪೇಟೆಯಿಂದ ಜೀಪು ಮಾಡಿಸಿ ಮೆಕ್ಯಾನಿಕ್‌ನನ್ನು ಕರೆಸಿದರಂತೆ. ಬಂದವನು ಒಂದು ಗುಂಡಿ ಒತ್ತಿ, ಜೀಪಿನ ಬಾಡಿಗೆ ಸೇರಿಸಿ 800 ರೂಪಾಯಿ ಎಣಿಸಿಕೊಂಡು ಹೋದನಂತೆ. ಹದಿನೈದು ದಿನಕ್ಕೆ ಮತ್ತೆ ಅದೇ ಕತೆ. 'ಅಮ್ಮ ಈಗ ಟೀವಿಯ ಸುದ್ದಿಯೇ ಬೇಡ ಅನ್ನುತ್ತಾರೆ, ಸುಮ್ಮನೆ ಕಿಟಕಿ ಹತ್ತಿರ ಕೂತಿರುತ್ತಾರೆ' ಎಂದು ಬರೆದಿದ್ದಾರೆ.

ನಾನೇನೂ ಇಂಜಿನಿಯರ್ ಅಲ್ಲ, ಎಸ್ಸೆಸ್ಸೆಲ್ಸಿ ಓದಿದ ಗೃಹಿಣಿ. ಆದರೆ ಮಿಕ್ಸಿ, ಗ್ಯಾಸ್ ಸ್ಟೌವ್ ಸಂಭಾಳಿಸುವ ನಮಗೆ ಟೀವಿ ದೊಡ್ಡದಲ್ಲ. ಮನೆಯಲ್ಲಿ ಆಗುವ ತೊಂದರೆಗಳಲ್ಲಿ ಎಷ್ಟೋ ನಾವೇ ಸರಿಮಾಡುವಂಥವು. ಇನ್ನು ಕೆಲವಕ್ಕೆ ಕೈ ಹಾಕಲೇಬಾರದು. ಯಾವುದು ಯಾವುದು ಅನ್ನುವುದನ್ನು ತಿಳಿದುಕೊಂಡರೆ ದುಡ್ಡೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ.

ಮೊದಲ ಮದ್ದು

ಟೀವಿ ಹತ್ತಲೇ ಇಲ್ಲ ಅಂದರೆ ಮೊದಲು ಕೆಳಗಡೆ ಪುಟ್ಟ ಕೆಂಪು ದೀಪ ಇದೆಯೇ ನೋಡಿ. ಇಲ್ಲದಿದ್ದರೆ ಕರೆಂಟು ಟೀವಿಯ ತನಕ ಬರುತ್ತಿಲ್ಲ ಎನ್ನಬಹುದು. ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಚಾರ್ಜ್ ಆಗದಿದ್ದರೆ ತಪ್ಪು ಟೀವಿಯದಲ್ಲ. ಎಕ್ಸ್‌ಟೆನ್ಷನ್ ಬಾಕ್ಸು, ಸ್ಟೆಬಿಲೈಸರ್, ಮೀಟರ್ ಹತ್ತಿರ ಕೆಳಗೆ ಬಿದ್ದ ಎಂಸಿಬಿ, ಈ ಮೂರನ್ನು ನೋಡಿ. ಎಂಸಿಬಿ ಎತ್ತಿದ ಕೂಡಲೇ ಮತ್ತೆ ಬಿದ್ದರೆ ಪದೇಪದೇ ಎತ್ತಬೇಡಿ. ಎಲ್ಲೋ ವೈರ್ ಸುಟ್ಟಿದೆ ಅಥವಾ ನೀರು ಇಳಿದಿದೆ ಎಂದು ತಿಳಿದು ಎಲೆಕ್ಟ್ರಿಷಿಯನ್‌ಗೆ ಹೇಳಿ.

ಕೆಂಪು ದೀಪ ಇದ್ದೂ ಹತ್ತದಿದ್ದರೆ, ಚಿತ್ರ ಅಲ್ಲಾಡದೆ ನಿಂತುಬಿಟ್ಟರೆ, ಏನು ಒತ್ತಿದರೂ ಕೇಳದಿದ್ದರೆ ಈ ಮದ್ದು ಮಾಡಿ. ರಿಮೋಟಿನಿಂದ ಆರಿಸಿದರೆ ಸಾಲದು, ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕಿತ್ತಿಡಿ. ಟೀವಿಗೇ ಇರುವ ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಎರಡು ನಿಮಿಷ ಬಿಟ್ಟು ಮತ್ತೆ ಹಾಕಿ. ಸೆಟ್‌ಟಾಪ್ ಬಾಕ್ಸಿಗೂ ಇದೇ ಚಿಕಿತ್ಸೆ. ಈಗಿನ ಟೀವಿಗಳ ಒಳಗೆ ಒಂದು ಪುಟ್ಟ ಕಂಪ್ಯೂಟರೇ ಇದೆ. ಅದು ಗೊಂದಲಕ್ಕೆ ಬಿದ್ದಾಗ ಕರೆಂಟು ಪೂರ್ತಿ ತಪ್ಪಿದರೆ ಮೊದಲಿಂದ ಲೆಕ್ಕ ಶುರು ಮಾಡುತ್ತದೆ. ಸೋಮವಾರಪೇಟೆಗೆ ಜೀಪಿನಲ್ಲಿ ಬಂದವನು ಮಾಡಿದ್ದೂ ಬಹುಶಃ ಇಷ್ಟೇ.

ರಿಮೋಟಿನ ಕಾಯಿಲೆ

ಟೀವಿ ಕೆಟ್ಟಿದೆ ಅಂತ ನಾವು ಅಂದುಕೊಳ್ಳುವಾಗ ಎಷ್ಟೋ ಸಲ ಕೆಟ್ಟಿರುವುದು ರಿಮೋಟು. ಪರೀಕ್ಷೆ ಸುಲಭ. ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟಿನ ಮೂತಿಯನ್ನು ಅದಕ್ಕೆ ಹಿಡಿದು ಗುಂಡಿ ಒತ್ತಿ. ನಮ್ಮ ಬರಿಗಣ್ಣಿಗೆ ಕಾಣದ ಬೆಳಕು ಕ್ಯಾಮೆರಾದಲ್ಲಿ ನಸು ನೇರಳೆಯಾಗಿ ಮಿನುಗುತ್ತದೆ. ಮಿನುಗಿದರೆ ರಿಮೋಟು ಸರಿಯಿದೆ. ಮಿನುಗದಿದ್ದರೆ ಬ್ಯಾಟರಿ ಬದಲಾಯಿಸಿ. (ಮಾತು ಕೇಳುವ ಹೊಸ ರಿಮೋಟುಗಳಲ್ಲಿ ಕೆಲವು ಬ್ಲೂಟೂತಿನಿಂದ ನಡೆಯುತ್ತವೆ. ಅವಕ್ಕೆ ಈ ಪರೀಕ್ಷೆ ನಡೆಯದು. ಟೀವಿಯ ಜೊತೆ ಮತ್ತೊಮ್ಮೆ ಜೋಡಿಸಬೇಕಾಗುತ್ತದೆ.)

ನಮ್ಮ ಥಂಡಿಗೆ ಬ್ಯಾಟರಿ ಕೂರುವ ಸ್ಪ್ರಿಂಗಿಗೆ ತುಕ್ಕು, ಹಸಿರು ಪಾಚಿಯಂಥದ್ದು ಹಿಡಿಯುವುದು ಮಾಮೂಲು. ಬ್ಯಾಟರಿ ತೆಗೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಣಗಿದ್ದನ್ನೆಲ್ಲ ಉಜ್ಜಿ. ಕಡ್ಡಿಗೆ ಹತ್ತಿ ಸುತ್ತಿ, ಒಂದು ತೊಟ್ಟು ಬಿಳಿ ವಿನಿಗರ್ ಅದ್ದಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಬ್ಯಾಟರಿ ಹಾಕಿ. ಅಡಿಗೆಮನೆಯಲ್ಲಿ ಇದೆಯಲ್ಲ ಅಂತ ಕಾಚಂಪುಳಿ ಹಚ್ಚೀರಿ ಮತ್ತೆ! ಅದು ಪಂದಿಕರಿಗೆ ಚೆಂದ, ಇಲ್ಲಿ ಬೆಲ್ಲದ ಪಾಕದ ಹಾಗೆ ಅಂಟಿಕೊಳ್ಳುತ್ತದೆ. ಹಳೆಯದೊಂದು ಹೊಸದೊಂದು ಬ್ಯಾಟರಿ ಬೆರೆಸಬೇಡಿ. ಊರಿಗೆ ಹೋಗುವಾಗ ಬ್ಯಾಟರಿ ತೆಗೆದಿಟ್ಟು ಹೋಗಿ.

'ನೋ ಸಿಗ್ನಲ್' ಅಂದರೆ

ಪರದೆಯ ಮೇಲೆ 'ನೋ ಸಿಗ್ನಲ್' ಎಂದು ಬಂದರೆ ಗಾಬರಿ ಬೇಡ. ಟೀವಿ ಹೇಳುತ್ತಿರುವುದು ಇಷ್ಟೇ: 'ನೀವು ತೋರಿಸಿದ ಬಾಗಿಲಲ್ಲಿ ಯಾರೂ ಬಂದಿಲ್ಲ.' ಟೀವಿಯ ಹಿಂದೆ ಎರಡು ಮೂರು ಬಾಗಿಲುಗಳಿವೆ: ಎಚ್‌ಡಿಎಂಐ 1, ಎಚ್‌ಡಿಎಂಐ 2, ಎವಿ ಎಂದು. ಸೆಟ್‌ಟಾಪ್ ಬಾಕ್ಸು ಒಂದರಲ್ಲಿ ಇರುತ್ತದೆ, ರಜೆಗೆ ಬಂದ ಮಕ್ಕಳು ಸಿನಿಮಾ ನೋಡಲು ಇನ್ನೊಂದಕ್ಕೆ ತಿರುಗಿಸಿ ಹಾಗೇ ಬಿಟ್ಟಿರುತ್ತಾರೆ. ರಿಮೋಟಿನಲ್ಲಿ 'ಸೋರ್ಸ್' ಅಥವಾ 'ಇನ್‌ಪುಟ್' ಎಂಬ ಗುಂಡಿ ಒತ್ತಿ ಒಂದೊಂದಾಗಿ ಬದಲಾಯಿಸುತ್ತಾ ಹೋಗಿ, ಚಿತ್ರ ಬರುವ ಕಡೆ ನಿಲ್ಲಿಸಿ. ಬಾಕ್ಸು ಹತ್ತಿದೆಯೇ, ವೈರ್ ಸಡಿಲವಾಗಿದೆಯೇ ಅದನ್ನೂ ನೋಡಿ.

ವಯಸ್ಸಾದವರಿರುವ ಮನೆಗೆ ಒಂದು ಉಪಾಯ. ಎರಡು ರಿಮೋಟುಗಳ ಪವರ್ ಗುಂಡಿಯ ಪಕ್ಕ ಹಣೆಗಿಡುವ ಸ್ಟಿಕರ್ ಬಿಂದಿ ಅಂಟಿಸಿ, ಟೀವಿಯದಕ್ಕೆ ಕೆಂಪು, ಬಾಕ್ಸಿನದಕ್ಕೆ ಹಸಿರು. 'ಮೊದಲು ಕೆಂಪು, ಆಮೇಲೆ ಹಸಿರು' ಅಂದರೆ ಕಣ್ಣು ಮಂಜಾದ ಅಜ್ಜಿಗೂ ತಿಳಿಯುತ್ತದೆ. 'ಸೋರ್ಸ್' ಗುಂಡಿಯ ಮೇಲೆ ಒಂದು ತುಂಡು ಬ್ಯಾಂಡೇಜ್ ಪಟ್ಟಿ ಅಂಟಿಸಿದರೆ ತಪ್ಪಿ ಒತ್ತುವ ಭಯವೂ ಇಲ್ಲ.

ತಿಂಗಳ ಹಣ ಕಟ್ಟುವ ಬಾಕ್ಸಾದರೆ ಅವಧಿ ಮುಗಿದಿದೆಯೇ ನೋಡಿ. ಹಣ ಕಟ್ಟಿದ ಮೇಲೆ ಬಾಕ್ಸನ್ನು ಆರಿಸದೆ ಸ್ವಲ್ಪ ಹೊತ್ತು ಚಾಲೂ ಇಡಿ, ಬಿಡುಗಡೆಯ ಸಂಕೇತ ಅದಕ್ಕೆ ತಲುಪಬೇಕು. ಹಣ ಕಟ್ಟುವುದೇ ತಲೆನೋವು ಅನ್ನುವವರಿಗೆ ದೂರದರ್ಶನದ ಡಿಡಿ ಫ್ರೀ ಡಿಶ್ ಇದೆ. 2004ರ ಡಿಸೆಂಬರಿನಲ್ಲಿ ಶುರುವಾದ ಇದಕ್ಕೆ ಕೊಡೆ ಮತ್ತು ಬಾಕ್ಸಿನ ಖರ್ಚು ಬಿಟ್ಟರೆ ತಿಂಗಳ ಶುಲ್ಕವಿಲ್ಲ, ನಮ್ಮ ಚಂದನವೂ ಬರುತ್ತದೆ. ಅದರಲ್ಲಿ ಚಾನೆಲ್ಲುಗಳು ಆಗಾಗ ಜಾಗ ಬದಲಾಯಿಸುತ್ತವೆ. ಕಾಣೆಯಾದರೆ ಮೆನುವಿನಲ್ಲಿ 'ಆಟೋ ಸ್ಕ್ಯಾನ್' ಕೊಡಿ.

ಮಳೆಗೆ ಚಿತ್ರ ಚೂರಾದರೆ

ನಮ್ಮ ಜಿಲ್ಲೆಯ ದೊಡ್ಡ ದೂರು ಇದೇ. 2021ರ ಆಗಸ್ಟ್ 5ರಂದು ಟೋಕಿಯೋ ಒಲಿಂಪಿಕ್ಸಿನಲ್ಲಿ ಜರ್ಮನಿಯನ್ನು 5-4ರಿಂದ ಸೋಲಿಸಿ, 2024ರ ಆಗಸ್ಟ್ 8ರಂದು ಪ್ಯಾರಿಸ್ಸಿನಲ್ಲಿ ಸ್ಪೇನನ್ನು 2-1ರಿಂದ ಸೋಲಿಸಿ ನಮ್ಮವರು ಹಾಕಿಯಲ್ಲಿ ಕಂಚು ಗೆದ್ದರು. ಹಾಕಿ ಅಂದರೆ ಪ್ರಾಣ ಬಿಡುವ ಊರು ನಮ್ಮದು. ಎರಡು ಪಂದ್ಯವೂ ಬಂದದ್ದು ಕಕ್ಕಡ ತಿಂಗಳಲ್ಲಿ, ಮದ್ದು ಸೊಪ್ಪಿನ ಪಾಯಸ ಉಂಡ ವಾರದಲ್ಲಿ! ಅಂಥ ಹೊತ್ತಿನಲ್ಲೇ ಜೋರು ಮಳೆ ಹೊಡೆದು ಚಿತ್ರ ಚೌಕಚೌಕವಾಗಿ ಒಡೆದರೆ ಗಂಡಸರು ಕೊಡೆ ಹಿಡಿದು ಮಾಡು ಹತ್ತಲು ಹೊರಡುತ್ತಾರೆ. ದಯವಿಟ್ಟು ತಡೆಯಿರಿ.

ಅದು ಕೆಟ್ಟಿರುವುದಲ್ಲ. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಂದ ಬರುವ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನಷ್ಟು ಮಾತ್ರ. ದಪ್ಪ ಹನಿಯ ಮಳೆ, ಕರಿಮೋಡ ಅಡ್ಡ ಬಂದರೆ ನೀರು ಆ ಅಲೆಯನ್ನು ಹೀರಿ ಚದುರಿಸಿಬಿಡುತ್ತದೆ. ಮಳೆ ಇಳಿದರೆ ಚಿತ್ರ ತಾನೇ ಬರುತ್ತದೆ. ಹತ್ತು ನಿಮಿಷ ಕಾಯುವುದೇ ಇದಕ್ಕೆ ಔಷಧಿ.

ಆಕಾಶ ತಿಳಿಯಾದ ಮೇಲೂ ಬಾರದಿದ್ದರೆ ಮೂರು ಕಾರಣ ಹುಡುಕಿ. ಒಂದು, ಗಾಳಿಗೆ ಕೊಡೆ ತಿರುಗಿದೆ. ಒಂದೆರಡು ಡಿಗ್ರಿ ಸರಿದರೂ ಸಾಕು, ಚಿತ್ರ ಹೋಗುತ್ತದೆ. ಎರಡು, ಮರ ಬೆಳೆದು ಅಡ್ಡ ಬಂದಿದೆ. ಕೊಡಗಿನಿಂದ ನೋಡಿದರೆ ಈ ಉಪಗ್ರಹಗಳು ಆಗ್ನೇಯದ ಕಡೆ, ಸಾಕಷ್ಟು ಎತ್ತರದಲ್ಲಿವೆ. ಫ್ರೀ ಡಿಶ್ಶಿನದು ಸುಮಾರು 65 ಡಿಗ್ರಿ ಎತ್ತರ. ಆ ದಿಕ್ಕಿನ ಸಿಲ್ವರ್ ಓಕ್ ಕೊಂಬೆಯನ್ನು, ತೋಟದಲ್ಲಿ ಮರ ಕಪಾತು ಮಾಡಿಸುವಾಗಲೇ ಸವರಿಸಿಬಿಡಿ. ಮೂರು, ಕೇಬಲ್ಲಿನ ತುದಿಗೆ ನೀರು ಇಳಿದು ತುಕ್ಕು ಹಿಡಿದಿದೆ. ಬೇಸಿಗೆಯಲ್ಲೇ ಆ ಕೀಲಿಗೆ ಟೇಪು ಸುತ್ತಿಸಿ. ಕೇಬಲ್ ಮನೆಯೊಳಗೆ ನುಗ್ಗುವ ಮುಂಚೆ ಒಂದು ಇಳಿಬಿದ್ದ ಬಳುಕು ಬಿಡಿಸಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ.

ಆದರೆ ಮಳೆಯಲ್ಲಿ ಮಾಡು ಹತ್ತುವ ಮಾತು ಬೇಡ. ಪಾಚಿ ಹಿಡಿದ ಮಂಗಳೂರು ಹೆಂಚು ಎಣ್ಣೆ ಸವರಿದ ಹಾಗಿರುತ್ತದೆ. ಇನ್ನೊಂದು ದೊಡ್ಡ ಅಪಾಯ ಕರಿಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ. ಅದು ಕರೆಂಟಿನ ತಂತಿಗೆ ತಾಗಿ ನಮ್ಮ ತೋಟಗಳಲ್ಲಿ ದುಡಿಯುವ ಜನ ಜೀವ ಕಳೆದುಕೊಂಡದ್ದನ್ನು ನೀವೂ ಕೇಳಿದ್ದೀರಿ. ಅದೇ ಏಣಿಯನ್ನು ಟೀವಿಯ ಕೊಡೆ ತಿರುಗಿಸಲು ತಂತಿಯ ಪಕ್ಕ ನಿಲ್ಲಿಸುವ ಮನೆಗಳಿವೆ. ಒಂದು ಧಾರಾವಾಹಿ ತಪ್ಪಿದರೆ ನಾಳೆ ಮತ್ತೆ ಬರುತ್ತದೆ, ಹೋದ ಜೀವ ಬರುವುದಿಲ್ಲ.

ಮಾಡಿನ ಮೇಲೆ ಹಳೆಯ ಕಾಲದ ಮೀನಿನ ಮುಳ್ಳಿನಂಥ ಆಂಟೆನಾ ಇನ್ನೂ ನಿಂತಿದೆಯೇ? ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಶುರುವಾದ ಮೇಲೆ, 1987-88ರಲ್ಲಿ ರಾಮಾಯಣ ಬರುವ ಹೊತ್ತಿಗೆ, ಅದನ್ನು ತಿರುಗಿಸುತ್ತಾ 'ಬಂತಾ? ಬಂತಾ?' ಅಂತ ಕೂಗಿದ ನೆನಪು ಚೆನ್ನಾಗಿದೆ. ಆದರೆ ಆ ಬಗೆಯ ಪ್ರಸಾರ ಕೇಂದ್ರಗಳನ್ನು ದೂರದರ್ಶನವು 2022ರ ಹೊತ್ತಿಗೆ ಬಹುಪಾಲು ಮುಚ್ಚಿದೆ. ಇನ್ನು ಆ ಕಬ್ಬಿಣದ ಕಂಬದಿಂದ ಪ್ರಯೋಜನವಿಲ್ಲ, ಗಾಳಿಗೆ ಬೀಳುವ, ಸಿಡಿಲಿಗೆ ಸಿಗುವ ಭಯ ಮಾತ್ರ. ಒಣ ದಿನ ನೋಡಿ ತಿಳಿದವರಿಂದ ಇಳಿಸಿಬಿಡಿ.

ಶಬ್ದ ಇದೆ, ಚಿತ್ರ ಇಲ್ಲ

ಶಬ್ದ ಬರುತ್ತಿದ್ದು ಪರದೆ ಕಪ್ಪಾಗಿದ್ದರೆ ಕೋಣೆಯ ದೀಪ ಆರಿಸಿ, ಟಾರ್ಚನ್ನು ಪರದೆಗೆ ಓರೆಯಾಗಿ ಹತ್ತಿರ ಹಿಡಿದು ನೋಡಿ. ಒಳಗೆ ಮಸುಕಾಗಿ ಬೊಂಬೆಗಳು ಓಡಾಡಿದರೆ ಪರದೆ ಸರಿಯಿದೆ, ಅದರ ಹಿಂದಿನ ದೀಪದ ಸಾಲು ಹೋಗಿದೆ ಎಂದು ತಿಳಿಯಬಹುದು. ಇದು ರಿಪೇರಿಯಾಗುವ ರೋಗ. ಯಾರಾದರೂ 'ಪ್ಯಾನೆಲ್ಲೇ ಹೋಗಿದೆ ಅಮ್ಮ' ಅಂದರೆ ನೀವು ಕಂಡದ್ದನ್ನು ಹೇಳಿ, ಮತ್ತೊಮ್ಮೆ ನೋಡಲು ಹೇಳಿ. ಪರದೆಯೇ ಒಡೆದಿದ್ದರೆ, ಮೇಲಿಂದ ಕೆಳಕ್ಕೆ ಗೆರೆ ನಿಂತುಬಿಟ್ಟಿದ್ದರೆ ಖರ್ಚು ಜಾಸ್ತಿ. ಹೊಸ ಟೀವಿಯ ಅರ್ಧ ಬೆಲೆ ದಾಟುವ ರಿಪೇರಿಗೆ ಯೋಚಿಸಿ ಕೈ ಹಾಕಿ.

ಚಿತ್ರ ಇದ್ದು ಶಬ್ದ ಇಲ್ಲದಿದ್ದರೆ 'ಮ್ಯೂಟ್' ಆಗಿದೆಯೇ ನೋಡಿ, ಬಾಕ್ಸಿನ ವಾಲ್ಯೂಮನ್ನೂ ನೋಡಿ. ಸ್ಮಾರ್ಟ್ ಟೀವಿಯಾದರೆ ಶಬ್ದ ಬ್ಲೂಟೂತಿನಲ್ಲಿ ಮಗನ ಸ್ಪೀಕರಿಗೆ ಹೋಗುತ್ತಿರಬಹುದು!

ಸಿಡಿಲು ಮತ್ತು ಕರೆಂಟು

ಮಾರ್ಚ್ ಏಪ್ರಿಲಿನ ಹೂಮಳೆ ಕಾಫಿ ಗಿಡಕ್ಕೆ ಅಮೃತ, ಟೀವಿಗೆ ಯಮ. ತುಲಾ ಸಂಕ್ರಮಣದ ಸುಮಾರಿಗೂ ಸಂಜೆ ಗುಡುಗು ಬರುತ್ತದೆ. ಸಿಡಿಲು ಬರುವುದು ಕರೆಂಟಿನ ತಂತಿಯಿಂದ ಮಾತ್ರವಲ್ಲ, ಕೊಡೆಯ ಕೇಬಲ್ಲಿನಿಂದಲೂ, ಇಂಟರ್‌ನೆಟ್ಟಿನ ತಾಮ್ರದ ವೈರಿನಿಂದಲೂ ಬರುತ್ತದೆ. ಸ್ವಿಚ್ ಆರಿಸಿದರೆ ಸಾಲದು, ಆ ಚಿಕ್ಕ ಸಂದನ್ನು ಅದು ಹಾರಿಬಿಡುತ್ತದೆ. ಮೋಡ ಕವಿಯುವಾಗಲೇ ಪ್ಲಗ್ ಕಿತ್ತು, ಕೊಡೆಯ ಕೇಬಲ್ಲನ್ನೂ ಬಾಕ್ಸಿನಿಂದ ಬಿಚ್ಚಿ ದೂರ ಇಡಿ. ಗುಡುಗು ತಲೆಯ ಮೇಲೆ ಬಂದ ಮೇಲೆ ವೈರ್ ಮುಟ್ಟಬೇಡಿ. ಆಗ ಟೀವಿ ಹೋದರೆ ಹೋಗಲಿ. ಊರಿಗೆ ಹೊರಡುವ ಮುಂಚೆಯೂ ಇದನ್ನೇ ಮಾಡಿ.

ಜೂನ್ ಜುಲೈಯಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುತ್ತದೆ. ಬರುವಾಗ ಒಮ್ಮೊಮ್ಮೆ ಹೆಚ್ಚಿನ ವೋಲ್ಟೇಜಿನಲ್ಲಿ ನುಗ್ಗುತ್ತದೆ. ಕರೆಂಟು ಹೋದ ಕೂಡಲೇ ಟೀವಿ, ಫ್ರಿಜ್ಜಿನ ಸ್ವಿಚ್ ಆರಿಸಿಡಿ. ಬಂದ ಮೇಲೆ ಹತ್ತು ನಿಮಿಷ ದೀಪ ಒಂದೇ ಹಾಕಿ, ಬೆಳಕು ನಿಂತ ಮೇಲೆ ಟೀವಿ ಹಾಕಿ. ಮೂರು ಕಾಲಿನ ಪ್ಲಗ್ಗಿನ ಅರ್ತ್ ಕಾಲು ಮುರಿದು ಎರಡು ಕಾಲಿನ ಜಾಗಕ್ಕೆ ತುರುಕುವ ಅಭ್ಯಾಸ ಬಿಡಿ. ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ನೀರು ಹಾಕಿಸಿ, ಒಣಗಿದ ಮಣ್ಣಿನಲ್ಲಿ ಅರ್ತಿಂಗ್ ಕೆಲಸ ಮಾಡುವುದಿಲ್ಲ. ತಂತಿ ಕಡಿದು ಬಿದ್ದಿದ್ದರೆ ಹತ್ತಿರ ಹೋಗದೆ ಸೆಸ್ಕ್‌ನ 1912ಕ್ಕೆ ಫೋನ್ ಮಾಡಿ.

ತೇವಕ್ಕೂ ಒಂದು ಉಪಾಯ. ಮಳೆಗಾಲದಲ್ಲಿ ಯಾರೂ ನೋಡದಿದ್ದರೂ ದಿನಕ್ಕೆ ಅರ್ಧ ಗಂಟೆ ಟೀವಿ ಹಾಕಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಪರದೆಗೆ ನೀರು, ಗಾಜು ಒರೆಸುವ ದ್ರಾವಣ ಚಿಮುಕಿಸಬೇಡಿ. ಆರಿಸಿ, ತಣ್ಣಗಾದ ಮೇಲೆ ಹಳೆಯ ಮೃದುವಾದ ಪಂಚೆಯ ತುಂಡಿನಿಂದ ಹಗುರವಾಗಿ ಒರೆಸಿ. ಮಣ್ಣಿನ ಗೋಡೆಗೆ ಹೊಡೆದ ಮೊಳೆ ತೇವಕ್ಕೆ ಸಡಿಲವಾಗುತ್ತದೆ. ತೆವಳುವ ಮಗುವಿರುವ ಮನೆಯಲ್ಲಿ ಇದನ್ನು ತಿಂಗಳಿಗೊಮ್ಮೆ ಅಲ್ಲಾಡಿಸಿ ನೋಡಲೇಬೇಕು.

ಇಲ್ಲಿ ಕೈ ಬೇಡ

ಟೀವಿಯ ಹಿಂಬದಿಯನ್ನು ನೀವಾಗಲಿ, ನಿಮ್ಮ ಜಾಣ ಮಗನಾಗಲಿ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಕರೆಂಟು ಉಳಿದಿರುತ್ತದೆ. ಹಳೆಯ ಡಬ್ಬ ಟೀವಿಯಂತೂ ಇನ್ನೂ ಅಪಾಯ, ಅದರ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಕೂತಿರಬಹುದು. ಸುಟ್ಟ ವಾಸನೆ, ಹೊಗೆ, ಚಟಪಟ ಶಬ್ದ ಬಂದರೆ ಮೇನ್ ಸ್ವಿಚ್ ಆರಿಸಿ, ನೀರು ಎರಚಬೇಡಿ. ಕೆಟ್ಟ ಡಬ್ಬ ಟೀವಿಯನ್ನು ತೋಟದ ತೋಡಿಗೆ ಎಸೆಯಬೇಡಿ, ಆ ಗಾಜಿನಲ್ಲಿ ಸೀಸ ಇದೆ. ನಮ್ಮ ತೋಡಿನ ನೀರು ಕೊನೆಗೆ ಕಾವೇರಿ ಸೇರುವ ನೀರಲ್ಲವೇ?

ಫೋನಿನಲ್ಲಿ ಬರುವ ಮೋಸ

ಈಗ ಕೊನೆಯ, ಆದರೆ ಬಹಳ ಮುಖ್ಯವಾದ ಮಾತು. ಟೀವಿ ಕೆಟ್ಟಾಗ ಮೊಬೈಲಿನಲ್ಲಿ 'ಕಸ್ಟಮರ್ ಕೇರ್' ಅಂತ ಹುಡುಕಿ, ಮೊದಲು ಕಂಡ ನಂಬರಿಗೆ ಫೋನ್ ಮಾಡುತ್ತೇವೆ. ಅಲ್ಲಿ ಕಳ್ಳರೂ ಕೂತಿರುತ್ತಾರೆ. ಬಹಳ ಮರ್ಯಾದೆಯಿಂದ, 'ಮೇಡಂ, ಹತ್ತೇ ರೂಪಾಯಿ ನೋಂದಣಿ ಕಟ್ಟಿ, ಈ ಆ್ಯಪ್ ಹಾಕಿಕೊಳ್ಳಿ, ಒಟಿಪಿ ಹೇಳಿ' ಅನ್ನುತ್ತಾರೆ. ಆ ಆ್ಯಪ್ ಹಾಕಿದಿರೋ, ನಿಮ್ಮ ಫೋನಿನ ಪರದೆ ಅವರ ಕಣ್ಣ ಮುಂದೆ. ಕಾಫಿ ಮಾರಿ ಬ್ಯಾಂಕಿನಲ್ಲಿಟ್ಟ ವರ್ಷದ ದುಡ್ಡು ಗಳಿಗೆಯಲ್ಲಿ ಖಾಲಿ.

ನಂಬರು ಬೇಕಾದರೆ ಟೀವಿಯ ಜೊತೆ ಬಂದ ಪುಸ್ತಕ, ವಾರಂಟಿ ಕಾರ್ಡು, ಬಿಲ್ಲು ನೋಡಿ, ಇಲ್ಲವೇ ಕೊಂಡ ಅಂಗಡಿಗೇ ಕೇಳಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಅಕಸ್ಮಾತ್ ಹಣ ಹೋದರೆ ನಾಚಿಕೆಪಟ್ಟು ಮುಚ್ಚಿಡದೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಯುವ ಸಾಧ್ಯತೆ ಹೆಚ್ಚು. ರಿಪೇರಿಯವರು ಬಂದಾಗ ಖರ್ಚನ್ನು ಮೊದಲೇ ಬರೆಸಿಕೊಳ್ಳಿ, ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ತೆಗೆದುಕೊಳ್ಳಿ. ವಾರಂಟಿ ಇದ್ದೂ ಸತಾಯಿಸಿದರೆ ಗ್ರಾಹಕ ಸಹಾಯವಾಣಿ 1915 ಇದೆ.

ಮನೆಯಲ್ಲಿ ಬ್ಯಾಟರಿಯ ಒಂದು ಸಣ್ಣ ರೇಡಿಯೋ ಇಟ್ಟುಕೊಳ್ಳಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದ ದಿನಗಳನ್ನು ಯಾರು ಮರೆತಾರು? ಅಂಥ ಹೊತ್ತಿನಲ್ಲಿ ಕರೆಂಟು, ಟೀವಿ, ಮೊಬೈಲು ಎಲ್ಲ ಒಟ್ಟಿಗೇ ಕೈ ಕೊಡಬಹುದು. ಯಾವ ದಾರಿ ಮುಚ್ಚಿದೆ, ಎಲ್ಲಿಗೆ ಹೋಗಬೇಕು ಎಂದು ತಿಳಿಯಲು ಮಡಿಕೇರಿ ಆಕಾಶವಾಣಿ ಕೇಳಿದರೂ ಆದೀತು.

ಸೋಮವಾರಪೇಟೆಯ ಸೋದರಿಗೆ ನನ್ನ ಸಲಹೆ ಇಷ್ಟು. ಮುಂದಿನ ಸಲ ತವರಿಗೆ ಹೋದಾಗ ಅಮ್ಮನ ಪಕ್ಕ ಕೂತು, ಪ್ಲಗ್ ಕೀಳುವುದು, 'ಸೋರ್ಸ್' ಬದಲಾಯಿಸುವುದು ಇವೆರಡನ್ನು ಅವರ ಕೈಯಿಂದಲೇ ನಾಲ್ಕು ಸಲ ಮಾಡಿಸಿ. ನೀವು ಮಾಡಿ ತೋರಿಸಿದರೆ ಸಾಲದು, ಅವರೇ ಮಾಡಬೇಕು. ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಕೆಟ್ಟ ಟೀವಿಗಿಂತ 'ನನ್ನಿಂದ ಏನೂ ಆಗೋಲ್ಲ' ಅನ್ನುವ ಭಾವನೆಯೇ ವಯಸ್ಸಾದವರನ್ನು ಹೆಚ್ಚು ಕುಗ್ಗಿಸುತ್ತದೆ. ತಾವೇ ಸರಿಮಾಡಿದ ಟೀವಿಯನ್ನು ಅವರು ಎಷ್ಟು ಖುಷಿಯಿಂದ ನೋಡುತ್ತಾರೆ ಅಂತ ನನಗೆ ಬರೆದು ತಿಳಿಸಿ.

ಮುಂದಿನ ಸಂಚಿಕೆಯಲ್ಲಿ ಮಳೆಗಾಲದಲ್ಲಿ ಫ್ರಿಜ್ಜಿನ ಆರೈಕೆ ಹೇಗೆ ಎಂಬುದನ್ನು ನೋಡೋಣ. ಅಲ್ಲಿಯವರೆಗೆ ಬರಲೇ?